ಹಾಲು ಒಗ್ಗದವರ ಊಟ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಮನೆಗಳಲ್ಲಿ ಹಾಲಿಗಿರುವ ಮರ್ಯಾದೆ ಬೇರಾವ ಆಹಾರಕ್ಕೂ ಇಲ್ಲ. ಅದನ್ನು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆಂದು ಹೇಳುವವನ ಮಾತನ್ನು ನಾವು ಸುಲಭವಾಗಿ ನಂಬುವುದಿಲ್ಲ; ಸೋಗೆಂದೋ ವಾಯುಪ್ರಕೃತಿಯೆಂದೋ ತಳ್ಳಿಬಿಡುತ್ತೇವೆ. ಆದರೆ ಅವನ ದೂರು ನಿಜವಾದುದು. ಅದರ ಕಾರಣವೂ ಚೆನ್ನಾಗಿ ತಿಳಿದದ್ದೇ ಆಗಿದೆ.

ಆಕಳ ಹಾಲಿನ 100 ಮಿಲಿಲೀಟರಿನಲ್ಲಿ ಸುಮಾರು 5 ಗ್ರಾಂ ಲ್ಯಾಕ್ಟೋಸ್ ಎಂಬ ಸಕ್ಕರೆಯುಂಟು. ಇದನ್ನು ಒಡೆಯತಕ್ಕ ಲ್ಯಾಕ್ಟೇಸ್ ಎಂಬ ಕಿಣ್ವವು ಸಣ್ಣ ಕರುಳಿನ ಒಳಪೊರೆಯಲ್ಲಿರುತ್ತದೆ. ಎಳೆಯ ಕೂಸಿನಲ್ಲಿ ಇದು ಹೇರಳ. ಮೊಲೆಹಾಲು ಬಿಟ್ಟ ತರುವಾಯ ಬಹುಮಂದಿಯಲ್ಲಿ ಕ್ರಮೇಣ ಕುಗ್ಗುತ್ತದೆ. ಒಡೆಯದ ಸಕ್ಕರೆಯು ದೊಡ್ಡ ಕರುಳನ್ನು ಸೇರಿ ನೀರನ್ನು ಸೆಳೆಯುತ್ತದೆ. ಅಲ್ಲಿನ ಜೀವಾಣುಗಳು ಅದನ್ನು ಹುಳಿಸಿ ವಾಯುವನ್ನು ಹುಟ್ಟಿಸುತ್ತವೆ. ಉಬ್ಬರ, ನುಲಿತ, ಭೇದಿಗಳು ಇದರ ಫಲ. ಲೋಕದ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಈ ಬಗೆಯವರೇ. ದೊಡ್ಡವರಾದ ಮೇಲೂ ಕಿಣ್ವ ಉಳಿಯುವ ಗುಣವು ಭರತಖಂಡದ ವಾಯವ್ಯದಲ್ಲಿ ಹೆಚ್ಚು, ನಮ್ಮ ದಕ್ಷಿಣದಲ್ಲಿ ಕಡಮೆ.

ಹಾಗಾದರೆ ಹಾಲನ್ನು ಪೂರ್ತಿ ವರ್ಜಿಸಬೇಕೆ? ಬೇಕಾಗಿಲ್ಲ. ಒಂದು ಹೊತ್ತಿಗೆ 12 ಗ್ರಾಂ ಲ್ಯಾಕ್ಟೋಸನ್ನು, ಎಂದರೆ ಒಂದು ಲೋಟ ಹಾಲಿನಷ್ಟನ್ನು, ಊಟದೊಡನೆ ತೆಗೆದುಕೊಂಡರೆ ಹೆಚ್ಚುಮಂದಿ ತಾಳಿಕೊಳ್ಳಬಲ್ಲರು. ಮೊಸರಿನಲ್ಲಿ ಹೆಪ್ಪಿನ ಜೀವಾಣುಗಳು ಸಕ್ಕರೆಯ ಒಂದು ಪಾಲನ್ನು ತಾವೇ ತಿಂದಿರುತ್ತವೆ. ಉಳಿದುದನ್ನು ಒಡೆಯಲು ತಮ್ಮ ಕಿಣ್ವವನ್ನೂ ಒದಗಿಸುತ್ತವೆ. ನೀರು ಬೆರೆಸಿ ಕಡೆದ ಮಜ್ಜಿಗೆ ಇನ್ನೂ ಹಗುರ. ತುಪ್ಪದಲ್ಲಿ ಲ್ಯಾಕ್ಟೋಸು ಇಲ್ಲವೆನ್ನುವಷ್ಟು ಅಲ್ಪ. ಗಾಂಧಿಬಜಾರಿನಲ್ಲಿ ದೋಸೆಯ ತರುವಾಯ ಇಬ್ಬರು ಹಂಚಿಕೊಳ್ಳುವ ಬೈಟೂ ಕಾಫಿಯ ಹಾಲು ಬಹುಮಂದಿಯನ್ನು ಬಾಧಿಸದು. ಬಾಧಿಸುವುದು ಬರಿಹೊಟ್ಟೆಯ ದೊಡ್ಡ ಲೋಟ, ಮತ್ತು ಹಾಲನ್ನು ಬತ್ತಿಸಿ ಮಾಡಿದ ಖೋವಾ, ಪೇಡೆ, ಬಾಸುಂದಿಗಳು.

ಪರೀಕ್ಷಿಸುವ ಕ್ರಮ ಸರಳವಾದುದು. ಎರಡು ವಾರ ಹಾಲನ್ನು ಬಿಟ್ಟು, ದಿನವೂ ತಿಂದುದನ್ನೂ ಆದುದನ್ನೂ ಬರೆದಿಡಬೇಕು. ಬಾಧೆ ತಗ್ಗಿದರೆ ಅರ್ಧ ಲೋಟದಿಂದ ಆರಂಭಿಸಿ ತಮ್ಮ ಮಿತಿಯನ್ನು ಕಂಡುಕೊಳ್ಳಬೇಕು. ತಗ್ಗದಿದ್ದರೆ ದೋಷವು ಹಾಲಿನದಲ್ಲ. ಚಳಿಗಾಲದ ಅವರೆಕಾಯಿಯ ಉಬ್ಬರವೂ ಬೇರೆ. ಅದರಲ್ಲಿನ ಕೆಲವು ಸಕ್ಕರೆಗಳನ್ನು ಒಡೆಯುವ ಕಿಣ್ವ ಯಾವ ಮನುಷ್ಯನಿಗೂ ಇಲ್ಲ. ಒಣಗಿದ ಕಾಳನ್ನು ರಾತ್ರಿ ನೆನೆಸಿ, ಆ ನೀರನ್ನು ಚೆಲ್ಲಿ ಬೇಯಿಸಿದರೆ ಬಾಧೆ ಕಡಮೆಯಾಗುತ್ತದೆ.

ಹಾಲನ್ನು ಬಿಟ್ಟವರು ಸುಣ್ಣಾಂಶವನ್ನು ಮರೆಯಬಾರದು. ಮುಪ್ಪಿನಲ್ಲಿ ಮೂಳೆ ಸವೆದಾಗ ಇದರ ಬೆಲೆ ತಿಳಿಯುತ್ತದೆ. ನಮ್ಮ ರಾಗಿಯ 100 ಗ್ರಾಮಿನಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣಾಂಶವಿದೆ. ಎಳ್ಳು, ನುಗ್ಗೆಸೊಪ್ಪುಗಳೂ ಒಳ್ಳೆಯವೇ.

ಕೊನೆಯದಾಗಿ ಎರಡು ಎಚ್ಚರಿಕೆಗಳು. ಒಗ್ಗದಿರುವುದು ಬೇರೆ, ಅಲರ್ಜಿ ಬೇರೆ. ಕಾರ್ತಿಕದ ಕಡೆಯ ಸೋಮವಾರ ದೊಡ್ಡಬಸವಣ್ಣನ ಗುಡಿಯ ಬಳಿ ನಡೆಯುವ ಪರಿಷೆಯಲ್ಲಿ ಸಾವಿರಾರು ಜನ ಕಡಲೆಕಾಯಿ ಮೆಲ್ಲುತ್ತಾರೆ. ಆದರೆ ಅದರ ಅಲರ್ಜಿಯುಳ್ಳವರಿಗೆ ಒಂದೇ ಕಾಳು ಪ್ರಾಣಾಪಾಯಕಾರಿಯಾಗಬಹುದು. ತುಟಿ ಬಾತು ಉಸಿರು ಕಟ್ಟಿದರೆ ಒಡನೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಅಲ್ಲಿ ಸ್ವಲ್ಪ ಸ್ವಲ್ಪ ತಿಂದು ನೋಡುವ ಪ್ರಯೋಗ ಸಲ್ಲದು. ಎರಡನೆಯದಾಗಿ, ಗೋಧಿಯ ಮೇಲೆ ಸಂಶಯವುಳ್ಳವರು ಅದನ್ನು ಬಿಡುವುದಕ್ಕೆ ಮೊದಲೇ ವೈದ್ಯರಿಂದ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಬಿಟ್ಟ ಮೇಲೆ ಮಾಡಿಸಿದರೆ ಸೀಲಿಯಾಕ್ ರೋಗವಿದ್ದರೂ ಮರೆಯಾದೀತು. ಮೈ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ಪಥ್ಯದ ಪ್ರಯೋಗಗಳಲ್ಲಿ ಕಾಲ ಕಳೆಯಬಾರದು.

ಇನ್ನು ಮುಂದೆ ಮನೆಯಲ್ಲಿ ಯಾರಾದರೂ ಹಾಲು ಬೇಡವೆಂದರೆ ಬಲವಂತಪಡಿಸದೆ, ಒಂದು ಲೋಟ ಮಜ್ಜಿಗೆಯನ್ನು ಮುಂದಿಡೋಣ.