ಬೀಗ ಹಾಕಿದ ಮನೆಯೂ ಊರಿನ ಕಟ್ಟಳೆಯೂ

ನಮ್ಮಲ್ಲಿ ಬಹುಮಂದಿಗೆ ಊರಿನಲ್ಲೊಂದು ಮನೆಯುಂಟು. ಅದರ ಬೀಗದ ಕೈ ಮಾತ್ರ ಈ ಗಚ್ಚಿಬೌಲಿಯ ಯಾವುದೋ ಫ್ಲಾಟಿನ ಬೀರುವಿನಲ್ಲಿರುತ್ತದೆ. ನಮ್ಮ ಸಂಗತಿಯೂ ಇದೇ. ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಅಜ್ಜ ಕಟ್ಟಿಸಿದ ಮನೆ. ಕಳೆದ ಬೇಸಗೆಯಲ್ಲಿ ಹೋಗಿ ನೋಡಿದರೆ ಹಿತ್ತಲ ಗೋಡೆ ಕುಸಿದಿತ್ತು. ಮೂರು ವರ್ಷದ ತೆರಿಗೆ ಬಾಕಿ ಬಿದ್ದಿತ್ತು. ಹಗಲೆಲ್ಲ ಕಚೇರಿಯಲ್ಲಿ ಪರರ ಬಾಕಿಯನ್ನು ಲೆಕ್ಕ ಹಾಕುವ ಗುಮಾಸ್ತರು ನಾವು. ನಮ್ಮ ಬಾಕಿಯನ್ನೇ ಮರೆತಿದ್ದೆವು. ಮಾರಿಬಿಡೋಣವೆಂಬ ಮಾತು ಮನೆಯಲ್ಲಿ ಹುಟ್ಟಿತು. ಆ ಮಾತು ಇತ್ಯರ್ಥವಾಗುವ ಮೊದಲೇ ಊರಿನ ಒಂದು ಹಳೆಯ ಶಾಸನ ನೆನಪಿಗೆ ಬಂದು ನಮ್ಮನ್ನು ತಡೆಯಿತು.

ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ತಿರುಳ್ಗನ್ನಡದ ನಾಡಿನ ಎಲ್ಲೆಗಳನ್ನು ಹೇಳುವಾಗ 'ಕವಿರಾಜಮಾರ್ಗ'ವು ಕಿಸುವೊಳಲ್, ಕೊಪಣ, ಒಕ್ಕುಂದಗಳೊಡನೆ ಹೆಸರಿಸುವ ಊರು ಇದು. 941ರಲ್ಲಿ ಭಾರತವನ್ನು ಕನ್ನಡಕ್ಕೆ ತಂದ ಪಂಪನೂ ತನ್ನ ಭಾಷೆ ಪುಲಿಗೆರೆಯ ಕನ್ನಡವೆಂದು ಹೆಮ್ಮೆಪಟ್ಟನು. ಇದೆಲ್ಲ ಶಾಲೆಯ ಪುಸ್ತಕದಲ್ಲಿ ಓದಿದ್ದೇ. ಆದರೆ ಪಂಪನಿಗಿಂತ ಇನ್ನೂರು ವರ್ಷ ಹಿಂದೆ ಈ ಊರಿಗೆ ಬರೆದುಕೊಟ್ಟ ಕಟ್ಟಳೆಯೊಂದು ಇದೆಯೆಂಬುದು ಬಹುಮಂದಿಗೆ ತಿಳಿಯದು.

ಸುಮಾರು 725ರ ಮಾತು. ಬಾದಾಮಿಯ ಚಾಲುಕ್ಯರ ವಿಕ್ರಮಾದಿತ್ಯನು ಇನ್ನೂ ಯುವರಾಜನಾಗಿದ್ದ ಕಾಲ. ಅವನು ಪುಲಿಗೆರೆಯ ಮಹಾಜನರಿಗೂ, ವರ್ತಕರ ನಗರಕ್ಕೂ, ಹದಿನೆಂಟು ಪ್ರಕೃತಿಗಳಿಗೂ ಒಂದು ಆಚಾರವ್ಯವಸ್ಥೆಯನ್ನು ಕೊಟ್ಟು ಕಂಬದ ಮೇಲೆ ಕೆತ್ತಿಸಿದನು. ಕೈಯೆತ್ತಿ ಕೊಟ್ಟ ದಾನವಲ್ಲ ಇದು. ಎರಡು ಕಡೆಯನ್ನೂ ಕಟ್ಟಿಹಾಕುವ ಕರಾರು. ಊರಿನವರು ಮಾಡಬೇಕಾದದ್ದೇನು? ಒಕ್ಕಲಿದ್ದ ಮನೆಯವರು ತಮ್ಮ ತಮ್ಮ ಅಂತಸ್ತಿಗೆ ತಕ್ಕ ತೆರಿಗೆಯನ್ನು ವೈಶಾಖ ಮಾಸದಲ್ಲಿ ಸಲ್ಲಿಸಬೇಕು. ಕಳವು ಮೊದಲಾದ ತಪ್ಪುಗಳ ದಂಡದ ಮಾತೂ, ಕಸುಬುದಾರರ ಸೇಣಿಯ ಮಾತೂ ಅದರಲ್ಲಿದೆ. ಅರಸನ ಅಧಿಕಾರಿಗಳು ಮಾಡಬೇಕಾದದ್ದೇನು? ಊರಿನ ಮರ್ಯಾದೆಯನ್ನೂ, ಹಿಂದಿನ ತಾಮ್ರಶಾಸನಗಳನ್ನೂ, ಜನ ಅನುಭವಿಸಿಕೊಂಡು ಬಂದ ಆಸ್ತಿಯನ್ನೂ ಕಾಪಾಡಬೇಕು. ಅವರು ಕಾಯಬೇಕಾದವುಗಳಲ್ಲಿ ಒಂದು, ಒಕ್ಕಲಿಲ್ಲದ ಮನೆ!

ವಾಚಕರೇ, ಇಲ್ಲಿ ನಾವು ನಿಂತುಬಿಟ್ಟೆವು. ಹದಿಮೂರು ಶತಮಾನದ ಹಿಂದೆಯೂ ಜನ ಮನೆ ಬಿಟ್ಟು ಹೋಗುತ್ತಿದ್ದರು. ಹೋದವನ ಬಾಗಿಲನ್ನು ಕಾಯುವುದು ಆಳುವವರ ಹೊಣೆಯೆಂದು ಕಲ್ಲಿನ ಮೇಲೆ ಬರೆಯಬೇಕಾಗಿತ್ತು.

ಆಮೇಲೆ ಈ ಊರನ್ನು ಎಷ್ಟು ಮಂದಿ ಆಳಲಿಲ್ಲ! ರಾಷ್ಟ್ರಕೂಟರು ಬಂದರು, ಕಲ್ಯಾಣದ ಚಾಲುಕ್ಯರು ಬಂದರು, ಬಿಜಾಪುರದ ಆದಿಲಶಾಹಿಗಳು ಬಂದರು. ಶಂಖಬಸದಿ, ಸೋಮೇಶ್ವರನ ಗುಡಿ, ಜುಮ್ಮಾ ಮಸೀದಿ ಒಂದೇ ಊರಿನಲ್ಲಿ ನಿಂತವು. ಸುತ್ತಲೂ ಬ್ರಿಟಿಷರ ಧಾರವಾಡ ಜಿಲ್ಲೆಯಿದ್ದರೂ ಊರು ಮಾತ್ರ ದೂರದ ಮಿರಜ ಸಂಸ್ಥಾನಕ್ಕೆ ಸೇರಿತ್ತು. 1948ರಲ್ಲಿ ಸಂಸ್ಥಾನ ವಿಲೀನವಾಗಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಕನ್ನಡ ನಾಡಿನೊಳಗೆ ಬಂದಿತು. 1997ರಲ್ಲಿ ಗದಗ ಜಿಲ್ಲೆಯದಾಯಿತು. ಇಂದು ಅಲ್ಲಿರುವುದು ಪುರಸಭೆ. ವಾರ್ಡಿನ ಜನ ಓಟು ಹಾಕಿ ಸದಸ್ಯರನ್ನು ಆರಿಸುತ್ತಾರೆ. ಅರಸನಿಲ್ಲ, ಆದರೆ ಕರಾರು ಹಾಗೆಯೇ ಇದೆ: ಜನ ತೆರಿಗೆ ಕೊಡಬೇಕು, ಪುರಸಭೆ ನೀರು, ದೀಪ, ಚರಂಡಿ ನೋಡಿಕೊಳ್ಳಬೇಕು. ವಿನೋದವೆಂದರೆ, ಏಪ್ರಿಲಿನಲ್ಲೇ ಆಸ್ತಿ ತೆರಿಗೆ ಕಟ್ಟಿದವರಿಗೆ ಶೇಕಡ 5ರ ರಿಯಾಯಿತಿಯುಂಟು. ಅದೂ ಹೆಚ್ಚುಕಡಿಮೆ ವೈಶಾಖದ ಸುಮಾರೇ!

ನಾವೀಗ ಇರುವ ಗಚ್ಚಿಬೌಲಿಯ ಕಥೆ ಬೇರೆ. ಗಚ್ಚುಗಾರೆಯ ಬಾವಿಯಿಂದ ಹೆಸರು ಪಡೆದ ಹಳ್ಳಿ ಇದು. 1974ರಲ್ಲಿ ಹುಟ್ಟಿದ ಹೈದರಾಬಾದ್ ವಿಶ್ವವಿದ್ಯಾಲಯ ಇಲ್ಲಿಗೆ ಬಂದಿತು, ಆಮೇಲೆ ಸಾಫ್ಟ್‌ವೇರ್ ಕಚೇರಿಗಳು ಬಂದವು. ಶೇರಿಲಿಂಗಂಪಲ್ಲಿ ಪುರಸಭೆ 2007ರಲ್ಲಿ ಬೃಹತ್ ಹೈದರಾಬಾದ್ ನಗರಪಾಲಿಕೆಯಲ್ಲಿ ಕರಗಿದಾಗ ಗಚ್ಚಿಬೌಲಿಯೂ ಮಹಾನಗರದ ಪಾಲಾಯಿತು. ಹಳ್ಳಿ ಹೋಯಿತು, ಹೆಸರು ಉಳಿಯಿತು. ಇಲ್ಲಿ ಲಿಫ್ಟ್ ಕೆಟ್ಟರೆ ಸೊಸೈಟಿಯ ಕಾರ್ಯದರ್ಶಿಗೆ ಫೋನು ಮಾಡುತ್ತೇವೆ. ವಾರ್ಡಿನ ಸದಸ್ಯರು ಯಾರೆಂದು ಕೇಳಿದರೆ ಮುಖ ಮುಖ ನೋಡುತ್ತೇವೆ. ಅಲ್ಲಿ ಮನೆಯುಂಟು, ನಾವಿಲ್ಲ. ಇಲ್ಲಿ ನಾವುಂಟು, ಊರಿನ ಗೊಡವೆಯಿಲ್ಲ. ಎರಡೂ ಕಡೆ ಕರಾರಿಗೆ ತಪ್ಪಿದವರು ನಾವೇ.

ಮನೆಯನ್ನು ಮಾರಲಿಲ್ಲ. ಬಾಕಿಯನ್ನು ದಂಡ ಸಹಿತ ಕಟ್ಟಿದೆವು, ಗೋಡೆಯನ್ನು ಎತ್ತಿಸಿದೆವು. ಕಡಿಮೆ ಬಾಡಿಗೆಗೆ ಒಬ್ಬ ಮೇಷ್ಟರ ಸಂಸಾರವನ್ನು ಇರಿಸಿದೆವು. ಇಷ್ಟು ವರ್ಷ ಯಾರೂ ಹೇಳದೆ ನಮ್ಮ ಅಂಗಳ ಗುಡಿಸುತ್ತಿದ್ದ ಪಕ್ಕದ ಮನೆಯ ಅಜ್ಜಿ, "ಅಂತೂ ದೀಪ ಹತ್ತಿತಲ್ಲಪ್ಪ" ಎಂದರು. ಕಲ್ಲಿನ ಶಾಸನ ಅಧಿಕಾರಿಗಳಿಗೆ ಒಪ್ಪಿಸಿದ್ದ ಕೆಲಸವನ್ನು ಆಕೆ ಸಂಬಳವಿಲ್ಲದೆ ಮಾಡುತ್ತಿದ್ದರು.

ಈ ಸಲ ಊರಿಗೆ ಹೋದವರು ಗುಡಿ, ಜಾತ್ರೆಗಳ ಜತೆಗೆ ತೆರಿಗೆಯ ರಸೀದಿಯನ್ನೂ ಒಮ್ಮೆ ನೋಡಿ ಬನ್ನಿ. ಹಿಂದಿರುಗಿ ಬಂದ ಮೇಲೆ ಇಲ್ಲಿಯ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂಬುದನ್ನೂ ನೋಡಿರಿ.