ಆಟದ ಕಾದಂಬರಿಗಳ ಭೂಪಟ: ಪಠ್ಯ ಮತ್ತು ಅಳತೆ

ಕಲ್ಪಿತ ಲೋಕದ ಭೂಪಟವನ್ನು ಕಾದಂಬರಿಯ ಅನುಬಂಧವೆಂದೇ ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. 'ಡಂಜನ್ಸ್ ಅಂಡ್ ಡ್ರಾಗನ್ಸ್' ಆಟವನ್ನು ಆಧರಿಸಿದ ಕಾದಂಬರಿಗಳಲ್ಲಿ ಈ ಗ್ರಹಿಕೆ ನಿಲ್ಲುವುದಿಲ್ಲ. ಎಡ್ ಗ್ರೀನ್‌ವುಡ್ ಬಾಲ್ಯದಿಂದಲೇ ಕಟ್ಟುತ್ತ ಬಂದ 'ಫರ್ಗಾಟನ್ ರೆಲ್ಮ್ಸ್' ಲೋಕವು 1987ರಲ್ಲಿ ಭೂಪಟಸಹಿತವಾದ ಆಟದ ಪೆಟ್ಟಿಗೆಯಾಗಿ ಪ್ರಕಟವಾಯಿತು. ಅದೇ ವರ್ಷದಿಂದ ಹಲವು ಲೇಖಕರು ಆ ನೆಲದಲ್ಲಿ ಕಥೆ ಹೂಡತೊಡಗಿದರು.

ಪಾತ್ರಗಳು ಮೂರು ದಿನ ನಡೆದವೆಂದು ಬರೆದು ಕಾದಂಬರಿಕಾರನು ಮುಂದೆ ಸಾಗಬಹುದು. ಆಟಗಾರನಿಗಾದರೋ ಅದು ಎಷ್ಟು ಮೈಲಿ, ಬೆಟ್ಟವೋ ಬಯಲೋ ಎಂಬುದು ತಿಳಿಯಲೇಬೇಕು. ಭೂಗೋಳಶಾಸ್ತ್ರದಲ್ಲಿ ತರಬೇತಿ ಪಡೆದ ಕೆರನ್ ವಿನ್ ಫಾನ್‌ಸ್ಟಾಡ್ ಈ ಇಕ್ಕಟ್ಟನ್ನು ನೇರವಾಗಿ ಎದುರಿಸಿದವರು. 1981ರಲ್ಲಿ ಟೋಲ್ಕೀನನ ಲೋಕಕ್ಕೆ ಅಟ್ಲಾಸ್ ರಚಿಸಿದ್ದ ಅವರು 1987ರಲ್ಲಿ 'ಡ್ರಾಗನ್‌ಲ್ಯಾನ್ಸ್'ಗೂ 1990ರಲ್ಲಿ 'ಫರ್ಗಾಟನ್ ರೆಲ್ಮ್ಸ್'ಗೂ ಅಟ್ಲಾಸ್‌ಗಳನ್ನು ಸಿದ್ಧಪಡಿಸಿದರು. ಪಾತ್ರಗಳ ಹಾದಿಯನ್ನು ಪಠ್ಯದಿಂದ ಹೆಕ್ಕಿ ನೆಲದ ಮೇಲಿಡುವ ಈ ಕೆಲಸ ಚಿತ್ರಕಲೆಗಿಂತ, ಪಾಠಾಂತರಗಳನ್ನು ತೂಗಿನೋಡುವ ಗ್ರಂಥಸಂಪಾದನೆಗೇ ಹತ್ತಿರವಾದುದು.

ಆದರೆ ಇಲ್ಲಿ ಮೂಲಪಠ್ಯವೇ ಸ್ಥಿರವಲ್ಲ. 2008ರಲ್ಲಿ ಬಂದ ಆಟದ ನಾಲ್ಕನೆಯ ಆವೃತ್ತಿಯು ಕಥಾಕಾಲವನ್ನು ಸುಮಾರು ನೂರು ವರ್ಷ ಮುಂದೊತ್ತಿತು. ಮಾಂತ್ರಿಕ ಉತ್ಪಾತವೊಂದರ ನೆಪದಲ್ಲಿ ಹಾಲ್ರುವಾ ಎಂಬ ದೇಶವನ್ನೇ ಹಾಳುಗೆಡವಿತು. ಅದಕ್ಕೂ ಹಿಂದಿನ ಕಾದಂಬರಿಗಳನ್ನು ಓದುವವನಿಗೆ ಹೊಸ ಭೂಪಟ ದಾರಿತಪ್ಪಿಸುತ್ತದೆ. ಅವನು 1990ರ ಅಟ್ಲಾಸನ್ನೇ ಬಿಡಿಸಿಟ್ಟುಕೊಳ್ಳಬೇಕು.