ಸಣ್ಣ ವೈ-ಫೈ ರೂಟರ್‌ಗಳಿಗೆ ಮೆಮೊರಿ ಕಾರ್ಡ್ ಇಮೇಜ್: ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಗ್ರಾಮ ಪಂಚಾಯತಿ ಕಚೇರಿಯಲ್ಲಿ ಇ-ಸ್ವತ್ತು, ತೆರಿಗೆ ವಸೂಲಿ, ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳು ಎಲ್ಲವೂ ಈಗ ಅಂತರ್ಜಾಲವನ್ನು ಅವಲಂಬಿಸಿವೆ. 2011ರಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲವೆಂದು ಅನುಮೋದನೆಗೊಂಡು, ಅನಂತರ ಭಾರತ್‌ನೆಟ್ ಎಂಬ ಹೆಸರು ಪಡೆದ ಯೋಜನೆಯು ತಂತಿಯನ್ನು ಪಂಚಾಯತಿಯ ಬಾಗಿಲವರೆಗೆ ತರುತ್ತದೆ. ಅಲ್ಲಿಂದ ಕಚೇರಿಯ ಕೊಠಡಿಗಳಿಗೂ ಗ್ರಂಥಾಲಯಕ್ಕೂ ಸಂಪರ್ಕ ಹಂಚುವುದು ಸಣ್ಣ ವೈ-ಫೈ ರೂಟರ್‌ನ ಕೆಲಸ. ಆ ಪುಟ್ಟ ಪೆಟ್ಟಿಗೆ ಕೆಟ್ಟ ದಿನ ಸರತಿಯಲ್ಲಿ ನಿಂತ ವೃದ್ಧರೂ ಕೂಲಿ ಬಿಟ್ಟು ಬಂದ ಮಹಿಳೆಯರೂ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಪೆಟ್ಟಿಗೆಯನ್ನು ದಾವಣಗೆರೆಗೋ ಹರಿಹರಕ್ಕೋ ಒಯ್ದು ಸರಿಪಡಿಸಿ ತರುವಷ್ಟರಲ್ಲಿ ದಿನಗಳು ಕಳೆಯುತ್ತವೆ.

ಈ ವಿಳಂಬವನ್ನು ಕೆಲವೇ ನಿಮಿಷಗಳಿಗೆ ಇಳಿಸುವ ಒಂದು ವಿಧಾನವಿದೆ. ರೂಟರ್‌ನ ಸಂಪೂರ್ಣ ತಂತ್ರಾಂಶವನ್ನು ಮೆಮೊರಿ ಕಾರ್ಡಿನಲ್ಲಿ ಸಿದ್ಧಪಡಿಸಿ, ಅದರಿಂದಲೇ ಸಾಧನವನ್ನು ಚಾಲನೆಗೊಳಿಸುವುದು ಆ ವಿಧಾನ. ಕಾರ್ಡು ಕೆಟ್ಟರೆ ಮತ್ತೊಂದನ್ನು ತೂರಿಸಿದರಾಯಿತು. ಈ ಲೇಖನವು ಅದರ ತತ್ತ್ವ, ಅನುಕೂಲ ಮತ್ತು ಅಪಾಯಗಳನ್ನು ಸದಸ್ಯರ ತಿಳಿವಳಿಕೆಗಾಗಿ ವಿವರಿಸುತ್ತದೆ. ಇದು ಖರೀದಿಯ ಸೂಚನೆಯಲ್ಲ.

1. ಇಮೇಜ್ ಎಂದರೇನು?

ರೂಟರ್ ಕೂಡ ಒಂದು ಸಣ್ಣ ಕಂಪ್ಯೂಟರೇ. ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ರೂಟರ್‌ನಲ್ಲಿ ತಂತ್ರಾಂಶವು ಒಳಗಿನ ಚಿಪ್‌ನಲ್ಲಿ ಬೆಸುಗೆಗೊಂಡಿರುತ್ತದೆ. ಅದು ಹಾಳಾದರೆ ಪರಿಣತರೇ ಬಿಚ್ಚಿ ನೋಡಬೇಕು. ರಾಸ್ಪ್‌ಬೆರಿ ಪೈ, ನ್ಯಾನೋಪೈ, ಬನಾನಾ ಪೈ ಮುಂತಾದ ಕೈಯಗಲದ ಫಲಕಗಳು ಮಾತ್ರ ಮೈಕ್ರೋ ಎಸ್‌ಡಿ ಕಾರ್ಡಿನಿಂದ ಚಾಲನೆಗೊಳ್ಳಬಲ್ಲವು. ಕಾರ್ಡ್ ತೂರಿಸುವ ಕಿಂಡಿ ಇದ್ದ ಮಾತ್ರಕ್ಕೆ ರೂಟರ್ ಅದರಿಂದ ಚಾಲನೆಗೊಳ್ಳುತ್ತದೆ ಎಂದು ಭಾವಿಸಬಾರದು. ಹಲವು ಮಾದರಿಗಳಲ್ಲಿ ಆ ಕಿಂಡಿ ಕಡತ ಸಂಗ್ರಹಕ್ಕಷ್ಟೇ ಮೀಸಲು.

ಕಾರ್ಡಿನಲ್ಲಿ ಇರಬೇಕಾದ ಎಲ್ಲವನ್ನೂ, ಅಂದರೆ ವಿಭಾಗಗಳ ಪಟ್ಟಿ, ಚಾಲನಾ ಭಾಗ, ಕಾರ್ಯಾಚರಣಾ ವ್ಯವಸ್ಥೆ ಮತ್ತು ಸಂಯೋಜನೆಗಳನ್ನು, ಇದ್ದ ಕ್ರಮದಲ್ಲಿಯೇ ಒಳಗೊಂಡ ಒಂದೇ ಕಡತಕ್ಕೆ ಇಮೇಜ್ ಎನ್ನುತ್ತಾರೆ. ಭಾವಚಿತ್ರವನ್ನು ಕಾರ್ಡಿಗೆ ಹಾಕುವಂತೆ ಈ ಕಡತವನ್ನು ನಕಲಿಸಿದರೆ ಸಾಧನ ಚಾಲನೆಗೊಳ್ಳುವುದಿಲ್ಲ. ಅದನ್ನು ಬರೆಯುವ ತಂತ್ರಾಂಶದ ಮೂಲಕ ಕಾರ್ಡಿನ ಮೊದಲ ಅಂಕಣದಿಂದಲೇ ಅಚ್ಚೊತ್ತಬೇಕು.

2. ಮುಕ್ತ ತಂತ್ರಾಂಶದ ಹಿನ್ನೆಲೆ

ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರ್‌ನಲ್ಲಿ ಲಿನಕ್ಸ್ ಬಳಕೆಯಾಗಿತ್ತು. ಲಿನಕ್ಸ್‌ನ ಪರವಾನಗಿಯು, ತಂತ್ರಾಂಶವನ್ನು ಹಂಚುವವರು ಅದರ ಮೂಲ ಸಂಕೇತವನ್ನೂ ಕೊಡಬೇಕೆಂದು ವಿಧಿಸುತ್ತದೆ. ಅದರಂತೆ 2003ರಲ್ಲಿ ಆ ಸಂಕೇತ ಸಾರ್ವಜನಿಕವಾಯಿತು. ಅದರ ಮೇಲೆ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಯೋಜನೆ ಆರಂಭವಾಯಿತು. ಇಂದು ಅದು ನೂರಾರು ಮಾದರಿಗಳಿಗೆ ಉಚಿತವಾಗಿ ಲಭ್ಯವಿದೆ. ಪಂಚಾಯತಿಯ ದೃಷ್ಟಿಯಿಂದ ಇದರ ಮಹತ್ವ ಸ್ಪಷ್ಟ: ಸರಬರಾಜುದಾರರು ಬದಲಾದರೂ ತಂತ್ರಾಂಶ ಪಂಚಾಯತಿಯ ಕೈಯಲ್ಲಿಯೇ ಉಳಿಯುತ್ತದೆ.

ಕರ್ನಾಟಕದಲ್ಲಿಯೇ ಇಂತಹ ಸಮುದಾಯ ಪ್ರಯತ್ನಕ್ಕೆ ನಿದರ್ಶನವಿದೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತಲಿನ ಹಳ್ಳಿಗಳಲ್ಲಿ ಜನಸ್ತು ಎಂಬ ಸಂಸ್ಥೆಯು ಗ್ರಾಮಸ್ಥರೊಡನೆ ಸೇರಿ ಸಮುದಾಯ ಒಡೆತನದ ವೈ-ಫೈ ಜಾಲವನ್ನು ರೂಪಿಸಿದೆ.

3. ಇಮೇಜ್ ಸಿದ್ಧಪಡಿಸುವ ಕ್ರಮ

ಈ ಕೆಲಸವನ್ನು ತಾಂತ್ರಿಕ ಸಿಬ್ಬಂದಿ ಅಥವಾ ಸಮೀಪದ ತಾಂತ್ರಿಕ ವಿದ್ಯಾಲಯಗಳ ವಿದ್ಯಾರ್ಥಿಗಳು ನಿರ್ವಹಿಸಬಹುದು. ಸದಸ್ಯರು ಹಂತಗಳನ್ನು ಅರಿತಿದ್ದರೆ ಮೇಲ್ವಿಚಾರಣೆ ಸುಲಭವಾಗುತ್ತದೆ.

ಮೊದಲನೆಯದಾಗಿ, ಫಲಕದ ಮಾದರಿಯನ್ನು ಆವೃತ್ತಿಸಹಿತ ಗುರುತಿಸಬೇಕು. ಒಂದು ಮಾದರಿಯ ಇಮೇಜ್ ಮತ್ತೊಂದರಲ್ಲಿ ಸಾಮಾನ್ಯವಾಗಿ ಚಾಲನೆಗೊಳ್ಳುವುದಿಲ್ಲ.

ಎರಡನೆಯದಾಗಿ, ಯೋಜನೆಯ ಅಧಿಕೃತ ತಾಣದಲ್ಲಿ ದೊರೆಯುವ ಇಮೇಜ್ ಬಿಲ್ಡರ್ ಎಂಬ ಸಲಕರಣೆಗೆ ಬೇಕಾದ ತಂತ್ರಾಂಶಗಳ ಪಟ್ಟಿಯನ್ನೂ ಸಂಯೋಜನಾ ಕಡತಗಳನ್ನೂ ಒದಗಿಸಬೇಕು. ವೈ-ಫೈ ಹೆಸರು, ಭಾರತದ ಕಾಲಮಾನ, ರೇಡಿಯೊ ತರಂಗಕ್ಕೆ ಭಾರತದ ದೇಶಸಂಕೇತ ಇವು ಅದರಲ್ಲಿ ಸೇರುತ್ತವೆ. ದೇಶಸಂಕೇತ ತಪ್ಪಾದರೆ ಸಾಧನವು ಇಲ್ಲಿ ಅನುಮತಿಯಿಲ್ಲದ ಚಾನೆಲ್ ಬಳಸುವ ಸಂಭವವಿದೆ.

ಮೂರನೆಯದಾಗಿ, ಮೊದಲ ಬಾರಿ ಚಾಲನೆಗೊಂಡಾಗ ಮಾತ್ರ ನಡೆಯುವ ಒಂದು ಚಿಕ್ಕ ಆದೇಶಪಟ್ಟಿಯನ್ನು ಸೇರಿಸಬೇಕು. ಪ್ರತಿ ಸಾಧನಕ್ಕೂ ಪ್ರತ್ಯೇಕ ಪಾಸ್‌ವರ್ಡ್ ಸೃಷ್ಟಿಸುವುದು ಅದರ ಕೆಲಸ.

ನಾಲ್ಕನೆಯದಾಗಿ, ಸಿದ್ಧವಾದ ಕಡತದ ಎಸ್‌ಎಚ್‌ಎ-256 ಮೊತ್ತವನ್ನು ದಾಖಲಿಸಬೇಕು. ಇದು 64 ಅಕ್ಷರ-ಅಂಕಿಗಳ ಗುರುತು. ಕಡತದಲ್ಲಿ ಒಂದೇ ಒಂದು ಅಂಶ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಬಿತ್ತನೆ ಬೀಜದ ಚೀಲದ ಮೊಹರನ್ನು ರೈತರು ಪರಿಶೀಲಿಸುವಂತೆಯೇ, ಬರೆಯುವ ಮುನ್ನ ಈ ಗುರುತನ್ನು ತಾಳೆ ನೋಡಬೇಕು.

ಐದನೆಯದಾಗಿ, ಇಮೇಜನ್ನು ಕಾರ್ಡಿಗೆ ಬರೆದು, ಸಾಧನದಲ್ಲಿ ಪರೀಕ್ಷಿಸಿ, ದಿನಾಂಕ ಮತ್ತು ಆವೃತ್ತಿ ನಮೂದಿಸಿದ ಲಕೋಟೆಯಲ್ಲಿ ಎರಡನೆಯ ಕಾರ್ಡನ್ನು ಭದ್ರವಾಗಿಡಬೇಕು.

ಇಲ್ಲಿ ಒಂದು ಗಂಭೀರ ಎಚ್ಚರಿಕೆ ಅಗತ್ಯ. ಬರೆಯುವ ತಂತ್ರಾಂಶದಲ್ಲಿ ಕಾರ್ಡಿನ ಬದಲು ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಆಯ್ದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಕಚೇರಿಯ ದೈನಂದಿನ ಕೆಲಸದ ಕಂಪ್ಯೂಟರಿನಲ್ಲಿ ಈ ಕಾರ್ಯ ಮಾಡದಿರುವುದೇ ಕ್ಷೇಮ.

4. ವಿದ್ಯುತ್ ಕಡಿತ ಮತ್ತು ಕಾರ್ಡಿನ ಬಾಳಿಕೆ

ಕಾರ್ಡಿನ ಮೇಲೆ ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಕಡತಗಳು ಕೆಡುತ್ತವೆ. ಓಪನ್‌ಡಬ್ಲ್ಯುಆರ್‌ಟಿಯ ಒಂದು ಬಗೆಯ ಇಮೇಜ್ ಇದಕ್ಕೆ ಪರಿಹಾರ ಒದಗಿಸುತ್ತದೆ. ಅದರಲ್ಲಿ ಮೂಲ ವ್ಯವಸ್ಥೆಯು ಓದಲು ಮಾತ್ರ ಸಾಧ್ಯವಿರುವ ಪದರದಲ್ಲಿರುತ್ತದೆ; ಬದಲಾವಣೆಗಳು ಮೇಲಿನ ಪ್ರತ್ಯೇಕ ಪದರದಲ್ಲಿ ದಾಖಲಾಗುತ್ತವೆ. ಮೇಲಿನ ಪದರ ಕೆಟ್ಟರೆ ಅದನ್ನಷ್ಟೇ ಅಳಿಸಿ ಮೊದಲಿನ ಸ್ಥಿತಿಗೆ ಮರಳಬಹುದು. ಖರೀದಿಸುವಾಗ ಈ ಬಗೆಯನ್ನೇ ಕೇಳುವುದು ಸೂಕ್ತ.

ಮಾರುಕಟ್ಟೆಯಲ್ಲಿ ನಕಲಿ ಕಾರ್ಡುಗಳೂ ಇವೆ. ಮೇಲೆ 64 ಜಿಬಿ ಎಂದು ಮುದ್ರಿಸಿದ್ದರೂ ಒಳಗಿನ ಸಾಮರ್ಥ್ಯ ಅದಕ್ಕಿಂತ ಬಹಳ ಕಡಿಮೆ ಇರಬಹುದು. ಎಫ್3 ಎಂಬ ಉಚಿತ ತಂತ್ರಾಂಶವು ಕಾರ್ಡನ್ನು ಪೂರ್ತಿ ತುಂಬಿ, ಮರಳಿ ಓದಿ ನಿಜಾಂಶ ತಿಳಿಸುತ್ತದೆ. ಸಿಸಿಟಿವಿ ಕ್ಯಾಮೆರಾಗಳಿಗೆಂದು ತಯಾರಾದ ಹೆಚ್ಚು ಬಾಳಿಕೆಯ ಕಾರ್ಡುಗಳು ಈ ಕೆಲಸಕ್ಕೂ ಉತ್ತಮ. ರೂಟರ್ ತಂತ್ರಾಂಶಕ್ಕೆ ಬೇಕಾಗುವ ಜಾಗ ಕೆಲವೇ ಹತ್ತು ಎಂಬಿಗಳಾದ್ದರಿಂದ ದೊಡ್ಡ ಕಾರ್ಡಿನ ಅಗತ್ಯವಿಲ್ಲ. ಒಂದೇ ಸಾಮರ್ಥ್ಯದ ಕಾರ್ಡುಗಳೂ ಕಂಪನಿಯಿಂದ ಕಂಪನಿಗೆ ತುಸು ಹೆಚ್ಚು-ಕಡಿಮೆ ಇರುವುದರಿಂದ, ಇಮೇಜನ್ನು ಚಿಕ್ಕದಾಗಿ ಇಟ್ಟುಕೊಳ್ಳುವುದೇ ಜಾಣತನ.

5. ಒಂದೇ ಇಮೇಜ್, ಹಲವು ಪಂಚಾಯತಿ: ಲಾಭವೂ ಅಪಾಯವೂ

ಭದ್ರಾ ಅಚ್ಚುಕಟ್ಟಿನ ಭತ್ತದ ರೈತರಿಗೆ ಸಸಿಮಡಿಯ ಮಹತ್ವ ಹೇಳಿಕೊಡಬೇಕಾಗಿಲ್ಲ. ಮಡಿ ಆರೋಗ್ಯವಾಗಿದ್ದರೆ ನಾಟಿಯಾದ ಗದ್ದೆಗಳೆಲ್ಲ ಹಸನಾಗುತ್ತವೆ. ಮಡಿಗೇ ರೋಗ ತಗುಲಿದರೆ ಅದು ಎಲ್ಲ ಗದ್ದೆಗಳಿಗೂ ಸಾಗುತ್ತದೆ. ಇಮೇಜ್ ಕೂಡ ಹಾಗೆಯೇ. ಅದರಲ್ಲಿ ಒಂದೇ ಪಾಸ್‌ವರ್ಡ್ ಅಡಗಿದ್ದು, ಹಲವು ಪಂಚಾಯತಿಗಳಿಗೆ ಹಂಚಿಕೆಯಾದರೆ, ಒಂದು ಕಡೆ ಅದನ್ನು ತಿಳಿದವನಿಗೆ ಎಲ್ಲ ಕಡೆಯ ಬಾಗಿಲೂ ತೆರೆದಂತಾಗುತ್ತದೆ. ಮೊದಲ ಚಾಲನೆಯಲ್ಲಿ ಪ್ರತ್ಯೇಕ ಪಾಸ್‌ವರ್ಡ್ ಸೃಷ್ಟಿಯಾಗಬೇಕೆಂಬ ನಿಯಮದ ಉದ್ದೇಶ ಇದೇ.

ಇದಕ್ಕಿಂತ ಸೂಕ್ಷ್ಮವಾದ ಮತ್ತೊಂದು ಅಪಾಯವಿದೆ. ಬಳಸಿದ ಕಾರ್ಡಿನಿಂದಲೇ ಪೂರ್ಣ ಪ್ರತಿ ತೆಗೆದು ಹಂಚುವ ರೂಢಿ ಸುಲಭವಾಗಿ ತೋರಬಹುದು. ಆದರೆ ಪೂರ್ಣ ಪ್ರತಿಯಲ್ಲಿ ಅಳಿಸಿದ ಕಡತಗಳ ಅವಶೇಷವೂ ಉಳಿದಿರುತ್ತದೆ. ಆ ಕಾರ್ಡಿನಲ್ಲಿ ಹಿಂದೊಮ್ಮೆ ಫಲಾನುಭವಿಗಳ ಆಧಾರ್ ಪ್ರತಿ ಅಥವಾ ಬ್ಯಾಂಕ್ ಪಾಸ್‌ಪುಸ್ತಕದ ಚಿತ್ರವಿದ್ದರೆ, ಅದು ಅಪರಿಚಿತರ ಕೈ ಸೇರಬಹುದು. ಗ್ರಾಮಸ್ಥರು ನಂಬಿ ಒಪ್ಪಿಸಿದ ಮಾಹಿತಿಯನ್ನು ಕಾಯುವುದು ಪಂಚಾಯತಿಯ ಹೊಣೆ. ಆದಕಾರಣ ಇಮೇಜನ್ನು ಸದಾ ಪಟ್ಟಿಯಿಂದ ಹೊಸದಾಗಿ ಕಟ್ಟಬೇಕೇ ಹೊರತು ಬಳಸಿದ ಕಾರ್ಡಿನಿಂದ ತೆಗೆಯಬಾರದು.

6. ಗ್ರಂಥಾಲಯ ಮತ್ತು ನೆರೆಯ ಸಂದರ್ಭ

ಅರಿವು ಕೇಂದ್ರಗಳಲ್ಲಿ ಅಂತರ್ಜಾಲ ಇಲ್ಲದ ಹೊತ್ತಿನಲ್ಲೂ ಇಂತಹ ಕಾರ್ಡು ಪ್ರಯೋಜನಕಾರಿ. ರಾಸ್ಪ್‌ಬೆರಿ ಪೈಯಂತಹ ಫಲಕದಲ್ಲಿ ಕಿವಿಕ್ಸ್ ಎಂಬ ಉಚಿತ ತಂತ್ರಾಂಶವನ್ನು ಅಳವಡಿಸಿ, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಪ್ರತಿಯನ್ನು ಕಾರ್ಡಿನಲ್ಲಿ ಇರಿಸಿದರೆ, ಮಕ್ಕಳು ಸಮೀಪದಿಂದ ವೈ-ಫೈ ಮೂಲಕ ಅದನ್ನು ಓದಬಹುದು. ಇದಕ್ಕೆ ಡೇಟಾ ವೆಚ್ಚವಿಲ್ಲ.

ಹರಿಹರ ತಾಲ್ಲೂಕಿನಲ್ಲಿ ತುಂಗಭದ್ರೆ ಉಕ್ಕಿದಾಗ ಉಕ್ಕಡಗಾತ್ರಿಯ ಸುತ್ತಲಿನ ರಸ್ತೆಗೆ ನೀರು ನುಗ್ಗಿ ಸಂಚಾರ ಕಡಿತಗೊಳ್ಳುವುದುಂಟು. ಇಂತಹ ಹೊತ್ತಿನಲ್ಲಿ ಐದು ವೋಲ್ಟ್‌ನಲ್ಲಿ ನಡೆಯುವ ಸಣ್ಣ ಫಲಕವನ್ನು ತಕ್ಕ ಸಾಮರ್ಥ್ಯದ ಪವರ್ ಬ್ಯಾಂಕಿನಿಂದಲೂ ಚಾಲನೆಗೊಳಿಸಬಹುದು. ಕಾಳಜಿ ಕೇಂದ್ರದಲ್ಲಿ ಸೂಚನೆಗಳನ್ನೂ ದೂರವಾಣಿ ಸಂಖ್ಯೆಗಳನ್ನೂ ಸ್ಥಳೀಯ ಪುಟವಾಗಿ ತೋರಿಸಬಹುದು. ಆದರೆ ಹಲವು ಫಲಕಗಳಲ್ಲಿ ಬ್ಯಾಟರಿ ಚಾಲಿತ ಗಡಿಯಾರವಿರುವುದಿಲ್ಲ. ವಿದ್ಯುತ್ ಮರಳಿದ ಮೇಲೆ ಅಂತರ್ಜಾಲವೂ ಇಲ್ಲದಿದ್ದರೆ ಅವು ತಪ್ಪು ಸಮಯ ತೋರುತ್ತವೆ ಎಂಬುದು ನೆನಪಿರಲಿ.

7. ನಿಯಮದ ಚೌಕಟ್ಟು

ಭಾರತದಲ್ಲಿ 2.4 ಗಿಗಾಹರ್ಟ್ಸ್ ವೈ-ಫೈ ತರಂಗಾಂತರಕ್ಕೆ 2005ರಿಂದ, 5 ಗಿಗಾಹರ್ಟ್ಸ್‌ನ ಹೊರಾಂಗಣ ಬಳಕೆಗೆ 2018ರಿಂದ, ನಿಗದಿತ ಶಕ್ತಿಯ ಮಿತಿಯೊಳಗೆ ಪ್ರತ್ಯೇಕ ಪರವಾನಗಿ ಬೇಕಿಲ್ಲ. ಆದರೆ ಸಾರ್ವಜನಿಕರಿಗೆ ಅಂತರ್ಜಾಲ ಹಂಚುವುದು ಬೇರೆಯೇ ವಿಷಯ. ಅದಕ್ಕಾಗಿ 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಅನುಮೋದಿಸಿದ ಪಿಎಂ-ವಾಣಿ ಚೌಕಟ್ಟು ಇದೆ. ಅದರಲ್ಲಿ ಬರುವ ಪಿಡಿಒ ಎಂಬ ಪದಕ್ಕೆ ಸಾರ್ವಜನಿಕ ಡೇಟಾ ಕಚೇರಿ ಎಂದರ್ಥ. ಪಂಚಾಯತಿ ಅಭಿವೃದ್ಧಿ ಅಧಿಕಾರಿ ಎಂದಲ್ಲ. ಭಾರತ್‌ನೆಟ್‌ನ ಫೈಬರ್ ಪೆಟ್ಟಿಗೆಯ ತಂತ್ರಾಂಶವನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಪಂಚಾಯತಿಯ ಸ್ವಂತ ರೂಟರ್‌ಗೆ ಮಾತ್ರ ಮೇಲಿನ ವಿಧಾನ ಅನ್ವಯಿಸುತ್ತದೆ.

8. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಇಂತಹ ಪ್ರಸ್ತಾವನೆ ಸಾಮಾನ್ಯ ಸಭೆಯ ಮುಂದೆ ಬಂದಾಗ ಸದಸ್ಯರು ಈ ಕೆಳಗಿನ ಅಂಶಗಳಿಗೆ ಲಿಖಿತ ಉತ್ತರ ಪಡೆಯುವುದು ಒಳಿತು.

ಅ) ಸಾಧನವು ಕಾರ್ಡಿನಿಂದ ಚಾಲನೆಗೊಳ್ಳುವುದನ್ನು ಕಚೇರಿಯಲ್ಲಿಯೇ ತೋರಿಸಲಾಗಿದೆಯೇ?
ಆ) ಇಮೇಜ್ ಕಡತ, ತಂತ್ರಾಂಶಗಳ ಪಟ್ಟಿ ಮತ್ತು ಸಂಯೋಜನಾ ಕಡತಗಳನ್ನು ಪಂಚಾಯತಿಗೆ ಹಸ್ತಾಂತರಿಸಲಾಗುವುದೇ?
ಇ) ಪ್ರತಿ ಸಾಧನಕ್ಕೂ ಪ್ರತ್ಯೇಕ ಪಾಸ್‌ವರ್ಡ್ ಇದೆಯೇ? ಅದು ಯಾರ ವಶದಲ್ಲಿದೆ?
ಈ) ಪರೀಕ್ಷಿಸಿದ ಹೆಚ್ಚುವರಿ ಕಾರ್ಡ್ ಕಚೇರಿಯಲ್ಲಿದೆಯೇ? ದಾಸ್ತಾನು ವಹಿಯಲ್ಲಿ ನಮೂದಾಗಿದೆಯೇ?
ಉ) ಭದ್ರತಾ ಲೋಪ ಕಂಡುಬಂದಾಗ ಹೊಸ ಆವೃತ್ತಿಯ ಇಮೇಜ್ ಕಟ್ಟುವ ಹೊಣೆ ಯಾರದು?
ಊ) ಕಾರ್ಡ್ ಬದಲಿಸಲು ಕಚೇರಿಯ ಕನಿಷ್ಠ ಇಬ್ಬರು ಸಿಬ್ಬಂದಿಗೆ ತರಬೇತಿ ದೊರೆತಿದೆಯೇ?

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು. ಲಕೋಟೆಯಲ್ಲಿ ಕಾರ್ಡ್ ಇದ್ದೂ ಅದನ್ನು ಬದಲಿಸಬಲ್ಲವರು ರಜೆಯಲ್ಲಿದ್ದರೆ, ಸರತಿಯಲ್ಲಿ ನಿಂತವರ ಪಾಲಿಗೆ ಆ ಕಾರ್ಡ್ ಇದ್ದೂ ಇಲ್ಲದಂತೆಯೇ.